ಐದು ತಿಂಗಳು ನಮ್ಮೂರಾಗ ಇದ್ದವರು ನಮ್ಮ ಲೆಕ್ಕದಾಗ ಯಾಕಿಲ್ಲ?

1/7
ಫೋಟೋದಾಗ ಮಂದಿ ಇಲ್ಲ. ಬೇಕಂತಲೇ ತೆಗೆದಿಲ್ಲ. ಇದು ಬೈಲಹೊಂಗಲ ಹತ್ರ ಕಟಾವು ಮುಗಿದ ಒಂದು ಕಬ್ಬಿನ ಹೊಲ. ಮೂರು ಕಲ್ಲಿನ ಒಲಿ, ಬೂದಿ, ಹರಿದ ತಾಡಪಾಲ. ಇಲ್ಲಿ ಹದಿನಾಲ್ಕು ಗುಡಿಸಲು ಇದ್ದವು.
ಜನವರಿಯಲ್ಲಿ ನಾವು ಕ್ಯಾಂಪಿನವರು ಇದೇ ಊರಿಗೆ ಆರೋಗ್ಯ ಸರ್ವೇ ಮಾಡಾಕ ಬಂದಿದ್ವಿ. ಫಾರ್ಮಿನ ಮೊದಲ ಕಾಲಂ ರೇಷನ್ ಕಾರ್ಡ್ ನಂಬರ್. "ಆ ಗುಡಿಸಲಿಗೂ ಹೋಗೋಣೇನ್ರಿ ಸರ್?" ಅಂತ ಕೇಳಿದೆ. "ಅವರು ಬ್ಯಾಡವಾ, ನಮ್ಮೂರವರಲ್ಲ" ಅಂದ್ರು. ನಾನೂ ಸುಮ್ಮನೆ ಮುಂದಿನ ಮನಿಗೆ ಹೋದೆ. ಸಂಜೀಕ ವರದಿ ರೆಡಿ: "ಗ್ರಾಮದ ಎಲ್ಲ ಕುಟುಂಬಗಳ ಸಮೀಕ್ಷೆ ಪೂರ್ಣ." ಅದು ಸುಳ್ಳು. ಅದರ ಕೆಳಗ ನನ್ನ ಸಹಿಯೂ ಐತಿ.

2/7
ಯಾರು ಇವರು? ಅಕ್ಟೋಬರ್‌ನಲ್ಲಿ ಕಿತ್ತೂರು ಉತ್ಸವ ಮುಗಿಸಿ ನಾವು ಸ್ಟೇಟಸ್ ತೆಗೆಯೋ ಹೊತ್ತಿಗೆ ಕಾರ್ಖಾನೆಗಳ ಹಂಗಾಮು ಶುರು ಆಗ್ತದ. ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರ ಕಡೆಯ ತಾಂಡಾಗಳಿಂದ ಕಬ್ಬು ಕಡಿಯೋ ಗ್ಯಾಂಗ್ ಬರ್ತಾವು. ಮುಕಾದಮ ಮೊದಲೇ ಮುಂಗಡ ಕೊಟ್ಟಿರ್ತಾನ. ಕೊಯ್ತಾ ಅಂದ್ರ ಕಬ್ಬು ಕಡಿಯೋ ಕತ್ತಿ. ಆದ್ರ ಮುಕಾದಮನ ಲೆಕ್ಕದಾಗ ಗಂಡ-ಹೆಂಡತಿ ಇಬ್ಬರೂ ಸೇರಿ "ಒಂದು ಕೊಯ್ತಾ". ಒಂದು ದಿನ ತಪ್ಪಿದ್ರ ದಂಡ.
ಬಿಕಾಂ ಓದೋರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರ ದುಡಿಮೆ ಒಂದೇ ಖಾತೆಗೆ ಬಿದ್ರ ಹೆಂಡತಿ ಪುಸ್ತಕದಾಗ ಇರೋದೇ ಇಲ್ಲ. ಆಕಿ ಇಲ್ಲ ಅಂದ್ಮ್ಯಾಲ ಆಕಿ ಬ್ಯಾನಿನೂ ಇಲ್ಲ.

3/7
ಆ ಬ್ಯಾನಿ ಎಷ್ಟು ದೊಡ್ಡದು ಅಂತ ಗೊತ್ತಾಗಿದ್ದು ಎಣಿಸಿದ ಮ್ಯಾಲ. ಬೀಡ್ ಜಿಲ್ಲೆಯಲ್ಲಿ ಸಣ್ಣ ವಯಸ್ಸಿನ ಹೆಣ್ಣುಮಕ್ಕಳು ಗರ್ಭಚೀಲ ತೆಗೆಸಿಕೊಂಡು ಕಬ್ಬಿಗೆ ಬರ್ತಾರ ಅನ್ನೋ ಸುದ್ದಿ 2019ರಲ್ಲಿ ದೊಡ್ಡದಾಯ್ತು. ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅವರ ನೇತೃತ್ವದಲ್ಲಿ ಸಮಿತಿ ಮಾಡ್ತು. ಸರ್ವೇದಲ್ಲಿ ಸಿಕ್ಕಿದ್ದು: ಕಬ್ಬು ಕಡಿಯೋ 82,309 ಹೆಣ್ಣುಮಕ್ಕಳಲ್ಲಿ 13,861 ಜನರ ಗರ್ಭಚೀಲ ತೆಗೆದಾಗಿತ್ತು. ಹೆಚ್ಚುಕಡಿಮೆ ಆರರಲ್ಲಿ ಒಬ್ಬರು. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಇಡೀ ದೇಶದಲ್ಲಿ 15ರಿಂದ 49 ವಯಸ್ಸಿನವರಲ್ಲಿ ಇದು ನೂರಕ್ಕೆ ಮೂರರ ಆಸುಪಾಸು.
ಹೊಲದಾಗ ಶೌಚಾಲಯ ಇಲ್ಲ, ಜಳಕಕ್ಕ ಜಾಗ ಇಲ್ಲ. ಮುಟ್ಟಿನ ದಿನದಾಗೂ ತಲಿ ಮ್ಯಾಲ ಕಬ್ಬಿನ ಹೊರೆ. ಸೋಂಕಾಗಿ ದವಾಖಾನಿಗೆ ಹೋದ್ರ "ಚೀಲ ತೆಗೆಸು, ಇಲ್ಲಾಂದ್ರ ಕ್ಯಾನ್ಸರ್" ಅಂತ ಹೆದರಿಸೋರು. ಪ್ರತಿ ತಿಂಗಳು ರಜೆ ಹಾಕಿ ದಂಡ ಕಟ್ಟೋದಕ್ಕಿಂತ ಒಮ್ಮೆ ತೆಗೆಸೋದೇ ಪಾಡು ಅನ್ನೋ ಲೆಕ್ಕ ಹಾಕಿದವರೂ ಅದಾರ.
ಅದು ಬೀಡ್, ನಮ್ಮದಲ್ಲ ಅನ್ನಬ್ಯಾಡ್ರಿ. ಕಲಬುರಗಿ ಜಿಲ್ಲೆಯ ಲಂಬಾಣಿ ಹೆಣ್ಣುಮಕ್ಕಳ ಇಂಥದ್ದೇ ಪ್ರಕರಣ 2015ರಲ್ಲಿ ಹೊರಗ ಬಂತು. ಕರ್ನಾಟಕ ಜನಾರೋಗ್ಯ ಚಳುವಳಿಯವರು ಆ ಹೆಣ್ಣುಮಕ್ಕಳ ಜೊತೆ ನಿಂತು ಹೋರಾಟ ಮಾಡಿದ್ರು. ಅನವಶ್ಯಕ ಗರ್ಭಚೀಲ ಶಸ್ತ್ರಚಿಕಿತ್ಸೆ ತಡೆಯೋ ಮಾರ್ಗಸೂಚಿಗಳನ್ನ ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳ್ತು.

4/7
ಕ್ಯಾಂಪ್ ಮುಗಿದ ಮ್ಯಾಲ ಮನಸು ತಡೀಲಿಲ್ಲ. ಮರಾಠಿ ಬರೋ ಗೆಳತಿನ ಕರ್ಕೊಂಡು ಆ ಗುಡಿಸಲಿಗೆ ಹೋದೆ. ನಮ್ಮಕ್ಕನ ವಯಸ್ಸಿನಾಕಿ ಒಬ್ಬಾಕಿ ರೊಟ್ಟಿ ಬಡೀತಿದ್ಲು. ನಾನು ಫಾರ್ಮ್ ತೆಗೆದೆ. "ಹೇ ಲಿಹೂನ್ ಕಾಯ್ ಹೋಣಾರ್, ತಾಯಿ?" ಅಂದ್ಲು. ಇದನ್ನ ಬರಕೊಂಡು ಏನಾಗೋದೈತಿ ತಂಗಿ?
ಉತ್ತರ ಇರಲಿಲ್ಲ. ಫಾರ್ಮ್ ಮಡಚಿ ಕೂತೆ. ಆಮ್ಯಾಲ ಆಕೀನೇ ಹೇಳಿದ್ಲು: ನೀವು "ಏನು ಕಾಯಿಲೆ" ಅಂತ ಕೇಳ್ತೀರಿ. ಕಾಯಿಲೆ ಹೆಸರು ನನಗ ಗೊತ್ತಿದ್ರ ದವಾಖಾನಿಗೆ ಯಾಕ ಹೋಗ್ಲಿ? ಜಳಕ ಎಲ್ಲಿ ಮಾಡ್ತಿ ಅಂತ ಕೇಳು. ಜ್ವರ ಬಂದ ದಿನ ಎಷ್ಟು ದಂಡ ಮುರಕೊಂಡ್ರು ಅಂತ ಕೇಳು.
ಎರಡೇ ಪ್ರಶ್ನೆ. ನಮ್ಮ ನಾಲ್ಕು ಪುಟದ ಫಾರ್ಮ್‌ನಲ್ಲಿ ಆ ಎರಡೂ ಇರಲಿಲ್ಲ. ಸಮುದಾಯದ ಜೊತೆ ಸೇರಿ ಮಾಡೋ ಸಂಶೋಧನೆ ಅಂತಾರಲ್ಲ, ಅದರ ಅರ್ಥ ನನಗ ತಿಳಿದಿದ್ದು ಆ ಒಲಿ ಮುಂದ. ಅವರು ಬರೀ ಉತ್ತರ ಕೊಡೋರಲ್ಲ. ಪ್ರಶ್ನೆ ಬರೆಯೋ ಹಕ್ಕೂ ಅವರಿಗೆ ಐತಿ.

5/7
ಈಗ ಕಮೆಂಟ್‌ನಲ್ಲಿ ಬರೋ ಮಾತು ಗೊತ್ತು. "ನಮ್ಮೂರವರಿಗೇ ಡಾಕ್ಟರ್ ಸಿಗೋದಿಲ್ಲ, ಇನ್ನ ಹೊರಗಿನವರಿಗೆ ಎಲ್ಲಿಂದ?" ಡಾಕ್ಟರ್ ಸಾಲೋದಿಲ್ಲ, ಖರೆ. ಆದ್ರ ಕೊರತೆ ಇದ್ರ ಹೆಚ್ಚು ಡಾಕ್ಟರ್ ಕೇಳಬೇಕು. ಹಂಗ ಕೇಳಾಕ ಇಲ್ಲಿ ಎಷ್ಟು ಜನ ಅದಾರ ಅನ್ನೋ ಪೂರಾ ಲೆಕ್ಕ ಬೇಕು.
ಇನ್ನೊಂದು ಮಾತು. ಸವದತ್ತಿ, ರಾಮದುರ್ಗ ಕಡೆಯಿಂದ ಗೋವಾಕ್ಕ ದುಡಿಯಾಕ ಹೋದವರು ನಿಮ್ಮ ಓಣಿಯಾಗೂ ಇರ್ತಾರ. 2016ರಲ್ಲಿ ಶುರುವಾದ ಅಲ್ಲಿಯ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಯ ಕಾರ್ಡ್ ಬೇಕಂದ್ರ ಐದು ವರ್ಷ ಗೋವಾದಾಗ ಇದ್ದಿರಬೇಕು. 2018ರ ಜನವರಿ 1ರಿಂದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಹೊರರಾಜ್ಯದವರಿಗೆ ಶುಲ್ಕ ಹಾಕಿದ್ರು. ಅದು ಅನ್ಯಾಯ ಅನ್ನೋದಾದ್ರ ನಮ್ಮ ಹೊಲದಾಗ ನಾವು ಮಾಡಿದ್ದೂ ಅನ್ಯಾಯ. ಗೋವಾದಾಗ ನಮ್ಮಂದಿ ಏನು, ಬೈಲಹೊಂಗಲದಾಗ ಬೀಡ್ ಮಂದಿ ಅದೇ.
ಯಲ್ಲಮ್ಮನ ಗುಡ್ಡಕ್ಕ ಹುಣ್ಣಿಮೆಗೆ ಮಹಾರಾಷ್ಟ್ರದಿಂದ ಬರೋ ಭಕ್ತರನ್ನ ಯಾರೂ "ನಮ್ಮೂರವರಲ್ಲ" ಅನ್ನೋದಿಲ್ಲ. ಅದೇ ಸೀಮಿಯಿಂದ ಬಂದು ಐದು ತಿಂಗಳು ನಮ್ಮ ಕಬ್ಬು ಕಡಿಯೋ ಹೆಣ್ಣುಮಗಳು ಮಾತ್ರ ಹೊರಗಿನಾಕಿ?

6/7
ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಗುತ್ತಿಗೆದಾರ ಉಚಿತ ವೈದ್ಯಕೀಯ ಸೌಲಭ್ಯ ಕೊಡಬೇಕು ಅಂತ 1979ರ ಕಾಯ್ದೆಯೇ ಹೇಳಿತ್ತು. ಅದು ಹೊಲಕ್ಕ ಇಳೀಲಿಲ್ಲ. ಕಾನೂನು ಇಳಿಸೋದು ಒಂದು ಕ್ಲಾಸಿನ ಕೈಯಾಗ ಇಲ್ಲ. ಸರ್ವೇ ಫಾರ್ಮ್ ನಮ್ಮ ಕೈಯಾಗ ಐತಿ. ಮುಂದಿನ ಹಂಗಾಮಿಗೆ ಇಷ್ಟು ಮಾಡೋಣ:
• ಮೊದಲ ಪ್ರಶ್ನೆ ರೇಷನ್ ಕಾರ್ಡ್ ಅಲ್ಲ. "ಇವತ್ತು ರಾತ್ರಿ ಇಲ್ಲಿ ಮಲಗೋರು ಎಷ್ಟು ಜನ?"
• ಪ್ರಶ್ನೆ ಬರೆಯೋವಾಗ ಗ್ಯಾಂಗಿನ ಹೆಣ್ಣುಮಕ್ಕಳು ಜೊತೆ ಕೂಡಬೇಕು. ನಮ್ಮ ಕ್ಲಾಸಿನಲ್ಲಿ ಮರಾಠಿ, ಲಂಬಾಣಿ ಮಾತಾಡೋರು ಅದಾರ. ಅವರು ಮುಂದ ಬರ್ರಿ.
• ಕೇಳೋದು ಹೆಣ್ಣುಮಕ್ಕಳು, ಮುಕಾದಮ ಇಲ್ಲದಾಗ, ಅವರ ಕೆಲಸ ಮುಗಿದ ಮ್ಯಾಲ. ಒಲ್ಲೆ ಅಂದ್ರ ಬಿಡೋದು. ಹೆಸರು ಬ್ಯಾಡ, ಫೋಟೋ ಬ್ಯಾಡ, ರೀಲ್ಸ್ ಬ್ಯಾಡವೇ ಬ್ಯಾಡ.
• ಅವರು ಊರು ಬಿಡೋಕ್ಕಿಂತ ಮೊದಲು ವರದಿಯನ್ನ ಅವರ ಮುಂದ ಓದಿ, ತಪ್ಪು ತಿದ್ದಿಸಿ, ಆಮ್ಯಾಲ ಆರೋಗ್ಯ ಕೇಂದ್ರಕ್ಕ ಕೊಡೋದು.

7/7
ಬೈಲಹೊಂಗಲದಾಗ ಚೆನ್ನಮ್ಮನ ಸಮಾಧಿ ಐತಿ. "ಚೆನ್ನಮ್ಮನ ನಾಡಿನ ಹೆಣ್ಣುಮಕ್ಕಳು" ಅಂತ ನಾವು ಬಯೋದಾಗ ಬರ್ಕೋತೀವಿ. ನಾನೂ ಬರ್ಕೊಂಡೀನಿ. ಅದೇ ನಾಡಿನಾಗ ಒಬ್ಬಾಕಿ ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಆಕಿ ಗ್ಯಾಂಗ್ ಹೋಗೇತಿ. ಅಕ್ಟೋಬರ್ ಮುಗಿದ ಮ್ಯಾಲ ಮತ್ತ ಬರಬಹುದು. ಅಷ್ಟರೊಳಗ ಹೊಸ ಫಾರ್ಮ್ ತಯಾರಾಗಬೇಕು. ಕೆಂಪು ಹಾರ್ಟ್ ಸಾಕು, ಈಗ ಹೆಸರು ಬೇಕು. ಬರ್ತೀನಿ ಅನ್ನೋರು ಮೆಸೇಜ್ ಮಾಡ್ರಿ.

#ಕಬ್ಬಿನಗ್ಯಾಂಗ್ #ನಮ್ಮಬೈಲಹೊಂಗಲ #ಕಿತ್ತೂರು #ಸವದತ್ತಿ #ರಾಮದುರ್ಗ #ಲೆಕ್ಕಕ್ಕೆಬರಲಿ