ಫೆಬ್ರವರಿಯಲ್ಲಿ ಬುಡಾಪೆಸ್ಟ್: ಸಾಲ ಮಾಡದೆ ಹೋಗಿಬಂದವರ ಮಾತು

ನಮ್ಮ ಕಾಲೇಜಿನ ಮೆಸ್ಸಿಗೆ ಒಂದು ಗಂಟೆಗೆ ಹೋದರೆ ಕ್ಯೂ ಬಾಗಿಲಾಚೆ ಇರುತ್ತಿತ್ತು. ಎರಡೂಕಾಲಿಗೆ ಹೋದರೆ ಕ್ಯೂ ಇಲ್ಲ, ಪಲ್ಯನೂ ಇಲ್ಲ. ಆಫ್‌ಸೀಸನ್ ಪ್ರವಾಸ ಅಂದ ತಕ್ಷಣ ಎಲ್ಲರ ತಲೆಗೆ ಬರೋದು ಈ ಎರಡೂಕಾಲಿನ ಮೆಸ್ಸೇ. ಅಗ್ಗ ಹೌದು, ಆದರೆ ಸಿಗೋದು ಪಾತ್ರೆಯ ತಳದ್ದು. ನಾವೂ ಹಾಗೇ ಅಂದುಕೊಂಡಿದ್ದೆವು. ಫೆಬ್ರವರಿ ಮೊದಲ ವಾರ ಬುಡಾಪೆಸ್ಟಿಗೆ ಹೋಗಿಬಂದ ಮೇಲೆ ಆ ಅಭಿಪ್ರಾಯ ಬದಲಾಗಿದೆ. ಸಂಘದ ಗ್ರೂಪಿನಲ್ಲಿ ಹೊಸದಾಗಿ ಮದುವೆಯಾದವರು ‘ಮೇನಲ್ಲಿ ಯುರೋಪ್, ಯಾರಿಗಾದ್ರೂ ಒಳ್ಳೆ ಪ್ಯಾಕೇಜ್ ಗೊತ್ತಾ’ ಅಂತ ಕೇಳಿದಾಗಲೆಲ್ಲ ಬಾಯಿ ತುರಿಸುತ್ತೆ. ಅದಕ್ಕೇ ಇದನ್ನು ಬರೆದುಬಿಡ್ತಿದ್ದೇವೆ.

ನಾವಿಬ್ಬರೂ ಇದೇ ಕಾಲೇಜಿನವರು. ಒಬ್ಬರು ಇ ಅಂಡ್ ಸಿ, ಒಬ್ಬರು ಮೆಕ್ಯಾನಿಕಲ್. ರಾಜ್ಯೋತ್ಸವದ ಬ್ಯಾನರ್ ಕಟ್ಟುವಾಗ ಏಣಿ ಹಿಡಿದುಕೊಂಡೇ ಪರಿಚಯವಾದವರು. ಮದುವೆಯಾದ ವರ್ಷ ಟ್ರಾವೆಲ್ಸ್‌ನವರೊಬ್ಬರು ಎಂಟು ದಿನ, ನಾಲ್ಕು ದೇಶದ ಪ್ಯಾಕೇಜಿಗೆ ಇಬ್ಬರಿಗೆ 4 ಲಕ್ಷದ 60 ಸಾವಿರ ಹೇಳಿದರು. ‘ಚಿಂತೆ ಯಾಕೆ ಸರ್, ಇಪ್ಪತ್ನಾಲ್ಕು ತಿಂಗಳ ಇಎಂಐ ಮಾಡಿಕೊಡ್ತೀವಿ’ ಅಂತಲೂ ಅಂದರು. ನಮ್ಮಲ್ಲೊಬ್ಬರ ಎಜುಕೇಶನ್ ಲೋನಿನ ಹನ್ನೊಂದು ಕಂತು ಇನ್ನೂ ಬಾಕಿ ಇತ್ತು. ಆದರೂ ಇನ್ನೇನು ಸಹಿ ಹಾಕೋದೊಂದೇ ಉಳಿದಿತ್ತು. ಸ್ವಿಟ್ಜರ್ಲೆಂಡಿನ ಹಿಮದಲ್ಲಿ ನಿಂತ ಫೋಟೋ ಇಲ್ಲದಿದ್ದರೆ ಮದುವೆಯೇ ಅಪೂರ್ಣ ಅನ್ನೋ ವಾತಾವರಣ ನಮ್ಮ ಆಫೀಸುಗಳಲ್ಲಿದೆ. ಒಂದು ರಾತ್ರಿ ಉಳಿದ ಲಗ್ನಪತ್ರಿಕೆಗಳ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಾ ಕೂತೆವು. ಎರಡು ವರ್ಷ ಪ್ರತಿ ತಿಂಗಳೂ ಎಂಟು ದಿನದ ನೆನಪಿಗೆ ಕಂತು ಕಟ್ಟೋದು ನೆನೆಸಿಕೊಂಡು ಇಬ್ಬರಿಗೂ ನಾಚಿಕೆಯಾಯಿತು.

ಟೈಮ್ ಆಫ್ ಡೇ ಟ್ಯಾರಿಫ್ ಓದಿದವರಿಗೆ ಇದರ ಹಿಂದಿನ ತರ್ಕ ವಿವರಿಸಬೇಕಿಲ್ಲ. ವಿಮಾನದ ಸೀಟು, ಹೋಟೆಲಿನ ಕೋಣೆ ಎರಡನ್ನೂ ಕೂಡಿಟ್ಟು ನಾಳೆ ಮಾರೋಕಾಗಲ್ಲ. ಪೀಕ್ ಲೋಡ್ ಹೊತ್ತಿಗೆ ದರ ಏರುತ್ತೆ, ಬೇಡಿಕೆ ಇಲ್ಲದಾಗ ಇಳಿಯುತ್ತೆ. ನಮ್ಮ ಎರಡು ಟಿಕೆಟ್ಟಿಗೆ 1 ಲಕ್ಷದ 8 ಸಾವಿರ (ನೇರ ವಿಮಾನವಿಲ್ಲ, ಮಧ್ಯೆ ಇಳಿದು ಹತ್ತಬೇಕು). ಆರು ರಾತ್ರಿಯ ರೂಮಿಗೆ 25 ಸಾವಿರ. ವೀಸಾ, ಇನ್ಶೂರೆನ್ಸ್ ಸೇರಿ 22 ಸಾವಿರ. ಊಟ, ಓಡಾಟ, ಟಿಕೆಟ್ಟು, ಒಂದಿಷ್ಟು ದುಂದು ಅಂತ 45 ಸಾವಿರ. ಒಟ್ಟು ಎರಡು ಲಕ್ಷ. ಕಮ್ಮಿ ದುಡ್ಡೇನಲ್ಲ, ಆದರೆ ನಮ್ಮ ಹತ್ತಿರ ಇದ್ದ ದುಡ್ಡು. ಹಂಗೇರಿ ಯುರೋಪಿಯನ್ ಒಕ್ಕೂಟದಲ್ಲಿದ್ದರೂ ನಾಣ್ಯ ಫೋರಿಂಟ್, ಯೂರೋ ಅಲ್ಲ. ಪ್ಯಾರಿಸ್ಸಿಗೆ ಹೋಲಿಸಿದರೆ ಊಟ, ಕಾಫಿ ಕೈಗೆಟಕುತ್ತವೆ.

ವೀಸಾಕ್ಕೆ ಮಾತ್ರ ಆಫ್‌ಸೀಸನ್ ಇಲ್ಲ. ತಲೆಗೆ 90 ಯೂರೋ, ತಿರಸ್ಕಾರ ಆದರೂ ವಾಪಸ್ ಬರಲ್ಲ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನ ಮುಂಚೆಯಾದರೂ ಹಾಕಿರಬೇಕು. 30,000 ಯೂರೋ ಕವರ್ ಇರುವ ಇನ್ಶೂರೆನ್ಸ್ ಕಡ್ಡಾಯ. ವೀಸಾ ಕೈಗೆ ಬರೋವರೆಗೂ ದುಡ್ಡು ವಾಪಸ್ ಬರದಂಥ ಬುಕಿಂಗ್ ಯಾವುದನ್ನೂ ಮಾಡಬೇಡಿ. ಇಲ್ಲಿ ಧೈರ್ಯ ತೋರಿಸೋದರಲ್ಲಿ ಯಾವ ಶೂರತನವೂ ಇಲ್ಲ.

ಈಗ ಪಲ್ಯದ ಪ್ರಶ್ನೆಗೆ ಬರೋಣ. ಚಳಿಗಾಲದಲ್ಲಿ ಆ ಊರಲ್ಲಿ ಏನು ಉಳಿದಿರುತ್ತೆ? ನಾವು ಹೇಳೋದು, ಅಲ್ಲಿಯ ಒಳ್ಳೆಯ ಪಲ್ಯ ಬಡಿಸೋದೇ ಆಗ. ಬುಡಾಪೆಸ್ಟಿನ ನೆಲದಡಿ ಬಿಸಿನೀರಿದೆ. 1913ರಲ್ಲಿ ಶುರುವಾದ ಸೇಚೆನಿ ಸ್ನಾನಗೃಹದ ಬಾವಿಯಲ್ಲಿ ನೀರು 70 ಡಿಗ್ರಿಗೂ ಹೆಚ್ಚು ಬಿಸಿಯಾಗೇ ಮೇಲೆ ಬರುತ್ತೆ, ಅದನ್ನು ತಣಿಸಿ ಕೊಳಗಳಿಗೆ ಬಿಡ್ತಾರೆ. (ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಹುಟ್ಟಿದ್ದೂ ಅದೇ ವರ್ಷ, ಅದೇ ಊರಲ್ಲಿ.) ಹಳದಿ ಅರಮನೆಯಂಥ ಕಟ್ಟಡದ ನಡುವೆ, ಬಯಲಲ್ಲಿ ದೊಡ್ಡ ಕೊಳ. ಹೊರಗೆ ಸೊನ್ನೆ ಡಿಗ್ರಿ. ಬಟ್ಟೆ ಬದಲಿಸುವ ಕೋಣೆಯಿಂದ ಕೊಳದವರೆಗಿನ ಹೆಜ್ಜೆಗಳನ್ನು ಓಡಿಯೇ ದಾಟಬೇಕು, ಹಲ್ಲು ಕಟಕಟ ಅನ್ನುತ್ತೆ. ಕತ್ತಿನವರೆಗೆ ಇಳಿದಮೇಲೆ ಬೇರೇನೂ ಬೇಡ. ಆವಿಯಲ್ಲಿ ಪಕ್ಕದವರ ಮುಖ ಕಾಣಲ್ಲ. ಮೂಲೆಯಲ್ಲಿ ಮುದುಕರಿಬ್ಬರು ಎದೆಮಟ್ಟ ನೀರಲ್ಲಿ ನಿಂತು ಚೆಸ್ ಆಡ್ತಿದ್ದರು. ದೀಪಾವಳಿಯ ನೀರು ತುಂಬೋ ಹಬ್ಬದ ಮಾರನೇ ಬೆಳಗ್ಗೆ ಹಂಡೆಯ ಬಿಸಿನೀರು ಹುಯ್ಯಿಸಿಕೊಳ್ಳೋ ಸುಖ ಗೊತ್ತಿರೋರು ಅದನ್ನು ಎರಡು ತಾಸಿಗೆ ಹಿಗ್ಗಿಸಿಕೊಳ್ಳಿ. ಗಂಡು ಹೆಣ್ಣು ಒಟ್ಟಿಗೇ ಇಳಿಯುವ ಕೊಳ, ಈಜುಡುಗೆ ಬೇಕು. ನಮಗೂ ಮೊದಲ ಹತ್ತು ನಿಮಿಷ ಮುಜುಗರವಾಯ್ತು, ಯಾರೂ ಯಾರನ್ನೂ ನೋಡಲ್ಲ ಅಂತ ಗೊತ್ತಾದ ಮೇಲೆ ಅದೂ ಕರಗಿತು. ಜುಲೈನಲ್ಲಿ, ಮೂವತ್ತು ಡಿಗ್ರಿ ಬಿಸಿಲಲ್ಲಿ ಬಿಸಿನೀರಿಗೆ ಇಳಿಯೋದರ ರುಚಿ ಏನು ಅಂತ ನಮಗಂತೂ ಅರ್ಥವಾಗಲ್ಲ. ಟಿಕೆಟ್ಟು ಅಗ್ಗವಲ್ಲ. ವಾರದ ದಿನ ಹೋದರೆ ಸ್ವಲ್ಪ ಉಳಿಯುತ್ತೆ.

‘ಐದು ಗಂಟೆಗೇ ಕತ್ತಲಾಗುತ್ತಂತಲ್ಲ, ಅಲ್ಲಿ ಹೋಗಿ ಏನ್ ನೋಡ್ತೀರೋ? ಸುಮ್ಮನೆ ಮಡಿಕೇರಿಗೆ ಹೋಗ್ಬನ್ನಿ’ ಅಂದಿದ್ದರು ಅತ್ತೆ. ಕತ್ತಲಾಗೋದು ನಿಜ. ಆದರೆ ಆ ಊರಿನ ಪಾರ್ಲಿಮೆಂಟು, ಸರಪಳಿ ಸೇತುವೆ, ಎದುರು ದಡದ ಅರಮನೆ ಎಲ್ಲಕ್ಕೂ ದೀಪ ಹತ್ತೋದು ಕತ್ತಲಾದ ಮೇಲೆ. ಬೇಸಿಗೆಯಲ್ಲಿ ಅದಕ್ಕೆ ರಾತ್ರಿ ಒಂಬತ್ತರವರೆಗೆ ಕಾಯಬೇಕು. ನಾವು ಸಂಜೆ ಐದೂವರೆಗೆ 2ನೇ ನಂಬರ್ ಟ್ರಾಮ್ ಹತ್ತಿ ಡ್ಯಾನ್ಯೂಬ್ ದಡದುದ್ದಕ್ಕೂ ಹೋಗಿ, ಅದರಲ್ಲೇ ವಾಪಸ್ ಬಂದೆವು, ಮೂರು ಸಲ. ದೋಣಿವಿಹಾರದ ದುಡ್ಡು ಉಳಿಯಿತು. 1896ರಲ್ಲಿ ಓಡಲು ಶುರುವಾದ ಅಲ್ಲಿಯ ಮೊದಲ ಮೆಟ್ರೋ ಮಾರ್ಗದಲ್ಲಿ ಮೆಕ್ಯಾನಿಕಲ್‌ನವರು ಸ್ವಲ್ಪ ಹೊತ್ತು ಕಳೆದುಹೋದರು, ಅದನ್ನಿಲ್ಲಿ ಬೆಳೆಸುವುದು ಬೇಡ.

ಊಟ. ಸಸ್ಯಾಹಾರಿಗಳಿಗೆ ಕಷ್ಟ ಅನ್ನೋದು ಅರ್ಧ ನಿಜ. ಫೋಜೆಲೇಕ್ ಅಂತ ಒಂದಿದೆ, ತರಕಾರಿ ಬೇಯಿಸಿ ಗಟ್ಟಿ ಮಾಡಿದ್ದು, ಕೂಟಿನ ದೂರದ ನೆಂಟ. ಮಾಂಸ ಸೇರಿದೆಯಾ ಅಂತ ಕೇಳಿ ತಗೊಳ್ಳಿ. ಲಾಂಗೋಶ್ ಅಂದರೆ ಎಣ್ಣೆಯಲ್ಲಿ ಕರಿದ ದೊಡ್ಡ ರೊಟ್ಟಿ, ಮೇಲೆ ಬೆಳ್ಳುಳ್ಳಿ, ಹುಳಿಕೆನೆ, ಚೀಸ್. ಇಬ್ಬರಿಗೆ ಒಂದು ಸಾಕು. 1897ರ ದೊಡ್ಡ ಮಾರುಕಟ್ಟೆ ಕಟ್ಟಡದಲ್ಲಿ ಪಾಪ್ರಿಕಾ ಮೆಣಸಿನಕಾಯಿಯ ಸರಗಳು ತೂಗುಬಿದ್ದಿರುತ್ತವೆ. ಪುಡಿ ಮೂಸಿ ನೋಡಿದರೆ ಬ್ಯಾಡಗಿ! ಬಣ್ಣ ಜಾಸ್ತಿ, ಖಾರ ಕಮ್ಮಿ. ಅಂಗಡಿಯಾಕೆಗೆ ಫೋನಲ್ಲಿ ಬ್ಯಾಡಗಿ ಮಾರುಕಟ್ಟೆಯ ಕೆಂಪು ರಾಶಿಯ ಫೋಟೋ ತೋರಿಸಿದೆವು. ಆಕೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಜೂನ್ ತಿಂಗಳ ಜಂಗುಳಿಯಲ್ಲಿ ಅವರಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತೆ?

ಪ್ರವಾಸಿಗರ ಜಂಗುಳಿ ಆ ಊರಿನವರಿಗೂ ಸಾಕಾಗಿದೆ. ಆರನೇ ಜಿಲ್ಲೆಯ ನಿವಾಸಿಗಳು 2024ರಲ್ಲಿ ಮತ ಹಾಕಿ, 2026ರಿಂದ ತಮ್ಮಲ್ಲಿ ಅಲ್ಪಾವಧಿಗೆ ಮನೆ ಬಾಡಿಗೆ ಕೊಡೋದನ್ನೇ ನಿಲ್ಲಿಸಿದ್ದಾರೆ. ಹಾಗಾಗಿ ಯಾರೋ ವಾಸವಿರಬೇಕಾದ ಫ್ಲ್ಯಾಟ್ ಹಿಡಿಯೋ ಬದಲು ಸಣ್ಣ ಹೋಟೆಲ್ ಹುಡುಕಿ. ಆಫ್‌ಸೀಸನ್‌ನಲ್ಲಿ ಎರಡಕ್ಕೂ ದರದಲ್ಲಿ ನಮಗೇನೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಎಲ್ಲವೂ ಚೆನ್ನಾಗೇ ನಡೀತು ಅಂದರೆ ಸುಳ್ಳಾಗುತ್ತೆ. ಜಾಕೆಟ್ಟನ್ನು ಗೆಳೆಯರಿಂದ ಎರವಲು ತಂದಿದ್ದೆವು. ಬೂಟಿಗೆ ಯಾಕೆ ಖರ್ಚು ಅಂತ ಬೆಂಗಳೂರಿನ ಸ್ಪೋರ್ಟ್ಸ್ ಶೂನಲ್ಲೇ ಹೋದೆವು. ನಾಲ್ಕನೇ ದಿನ ಅರ್ಧ ಕರಗಿದ ಹಿಮದಲ್ಲಿ ನಡೆದು ಸಾಕ್ಸ್‌ವರೆಗೂ ತೊಯ್ದುಹೋಯಿತು. ‘ನಾನು ಆವತ್ತೇ ಹೇಳಿರ್ಲಿಲ್ವಾ’, ‘ಲೆಕ್ಕ ಹಾಕಿದ್ದು ಯಾರು ಹಂಗಾದ್ರೆ’ ಅಂತ ಶುರುವಾಗಿ, ಮದುವೆಯಾದ ಮೇಲಿನ ಅತಿ ದೊಡ್ಡ ಜಗಳ ಡ್ಯಾನ್ಯೂಬ್ ದಡದಲ್ಲಿ ಆಯಿತು. ಮಾತು ಬಿಟ್ಟು ಪಾರ್ಲಿಮೆಂಟಿನ ಹತ್ತಿರ ನಡೆಯುವಾಗ ಎದುರಿಗೆ ಸಾಲಾಗಿ ಬೂಟುಗಳು. ಕಬ್ಬಿಣದ್ದು, ಅರವತ್ತು ಜೊತೆ. ಗಂಡಸರದು, ಹೆಂಗಸರದು, ಅಂಗೈಯಗಲದ ಮಕ್ಕಳದು. 1944-45ರ ಚಳಿಗಾಲದಲ್ಲಿ ಯಹೂದಿಗಳನ್ನು ಈ ದಡಕ್ಕೆ ತಂದು, ಬೂಟು ಬಿಚ್ಚಿಸಿ, ಗುಂಡಿಟ್ಟು ನದಿಗೆ ಬೀಳಿಸಿದ್ದರು. 2005ರಲ್ಲಿ ಇಟ್ಟ ಸ್ಮಾರಕ ಇದು. ಒಂದೆರಡು ಬೂಟಿನೊಳಗೆ ಹಿಮ ನಿಂತಿತ್ತು. ನಮ್ಮನ್ನು ಬಿಟ್ಟರೆ ಅಲ್ಲಿ ಯಾರೂ ಇರಲಿಲ್ಲ. ನಾವು ಒದ್ದೆ ಕಾಲಲ್ಲೇ ಬಹಳ ಹೊತ್ತು ನಿಂತಿದ್ದೆವು. ರೂಮಿಗೆ ಬಂದು ಶೂಗಳನ್ನು ಹೀಟರ್ ಮೇಲಿಟ್ಟಾಗ ಜಗಳ ಮುಂದುವರಿಸಲು ಇಬ್ಬರಿಗೂ ಬಾಯಿ ಬರಲಿಲ್ಲ.

ತಾರೀಖಿನ ವಿಷಯ ಒಂದು ಹೇಳಿಬಿಡ್ತೇವೆ. ಡಿಸೆಂಬರ್ ಆಫ್‌ಸೀಸನ್ ಅಲ್ಲ, ಕ್ರಿಸ್‌ಮಸ್ ಸಂತೆಗಳ ಕಾಲ ಅದು, ದರ ಮತ್ತೆ ಏರುತ್ತೆ. ಜನವರಿ ಎರಡನೇ ವಾರದಿಂದ ಮಾರ್ಚ್ ಶುರುವಿನವರೆಗೆ ಸರಿಯಾದ ಹೊತ್ತು. ಅದರಲ್ಲೂ ಫೆಬ್ರವರಿ 14ರ ಆಸುಪಾಸು ಬೇಡ. ನಾವಿದ್ದ ರೂಮೇ ಆ ವಾರಾಂತ್ಯಕ್ಕೆ ಒಂದೂವರೆ ಪಟ್ಟು ದರ ತೋರಿಸ್ತಿತ್ತು. ಪ್ರೀತಿಗೂ ಪೀಕ್ ಲೋಡ್ ಉಂಟು!

ಜಾಕೆಟ್ಟುಗಳನ್ನು ವಾಪಸ್ ಕೊಡೋಕೆ ಹೋದರೆ ಗೆಳೆಯರು ‘ನಿಮ್ಮತ್ರಾನೇ ಇರಲಿ, ಮುಂದೆ ಹೋಗೋರಿಗೆ ಕೊಡಿ’ ಅಂದಿದ್ದಾರೆ. ಒಂದು ಎಲ್ ಸೈಜು, ಒಂದು ಎಂ. ಬರೋ ಜನವರಿಗೆ ಯಾರಿಗಾದರೂ ಬೇಕಿದ್ದರೆ ಸಂಘದ ಗ್ರೂಪಿನಲ್ಲಿ ಕೇಳಿ. ಬೂಟು ಮಾತ್ರ ನೀವೇ ಕೊಂಡುಕೊಳ್ಳಿ.