ಮೂರನೇ ಕ್ಯಾಮೆರಾ ಯಾಕ ಬೇಕ್ರಿ?

ಹೋದ ವಾರ ನಮ್ಮ ತಂಗಿ ಮಗಳು ಫೋನ್ ಮಾಡಿದ್ಲು. ಹೊಸಾ ಗಾಡಿ ತಗೊಂಡಾಳ. ದಿನಾ ಧಾರವಾಡದಿಂದ ಹುಬ್ಬಳ್ಳಿಗೆ ತಾನ ಹೊಡ್ಕೊಂಡು ಆಫೀಸಿಗೆ ಹೋಗಿ ಬರ್ತಾಳ. "ದೊಡ್ಡವ್ವಾ, ಗಾಡಿಗೆ ಕ್ಯಾಮೆರಾ ಹಾಕಸಬೇಕಂತ ಮನ್ಯಾಗ ಮಾತು ನಡದೈತಿ. ಅಂಗಡಿಯಾಂವ ಮೂರು ಕ್ಯಾಮೆರಾದ್ದ ತಗೋರಿ ಅಂತಾನ. ಮುಂದೊಂದು, ಹಿಂದೊಂದು, ಒಳಗೊಂದು. ನಮ್ಮ ಮನಿಯವ್ರೂ ಅದ ಚಲೋ ಅಂತಾರ. ನೀ ಹಾಕ್ಸೀಯಲ್ಲ, ಏನ್ ಮಾಡ್ಲಿ?" ಅಂತ ಕೇಳಿದ್ಲು. ಮುಂದಿಂದು ಹಿಂದಿಂದು ಎರಡೂ ಹಾಕ್ಸು, ಒಳಗಿಂದು ಸದ್ಯಕ್ಕ ಬ್ಯಾಡ ಅಂದೆ. ಯಾಕ ಅಂತ ಪೂರಾ ಹೇಳಾಕ ಆಗ್ಲಿಲ್ಲ, ಒಲಿ ಮ್ಯಾಲ ಕುಕ್ಕರ್ ಸೀಟಿ ಹೊಡ್ಯಾಕತ್ತಿತ್ತು. ಅದಕ್ಕ ಇಲ್ಲೆ ಬರಿಯಾಕತ್ತೀನಿ. ನಿಮ್ಮ ಮನ್ಯಾಗೂ ಇದ ಮಾತು ಇವತ್ತಿಲ್ಲಂದ್ರ ನಾಳೆ ಬರೂದ.

ನಾ ಯಾಕ ಹಾಕ್ಸಿದೆ ಅನ್ನೂದು ಪೈಲಾ ಹೇಳತೇನಿ. ಎರಡು ವರ್ಷದ ಹಿಂದ ಉಣಕಲ್ ಹತ್ರ ಸಿಗ್ನಲ್ಲಿಗೆ ಗಾಡಿ ನಿಂದ್ರಿಸಿದ್ದೆ. ಹಿಂದಿನಿಂದ ಮಾಲು ತುಂಬಿದ ಟಂಟಂ ಬಂದು ಧಡ್ ಅಂತ ಬಡೀತು. ಇಳದು ನೋಡಿದ್ರ ಬಂಪರ್ ಒಡದಿತ್ತು, ಡಿಕ್ಕಿ ಬಾಗಿಲಾ ಒಳಗ ಹೋಗಿತ್ತು. ಆ ಟಂಟಂನಾಂವ ನನಗಿಂತ ಜೋರು ದನಿ ತಗದ. "ಮೇಡಂ, ನೀವ ರಿವರ್ಸ್ ಬಂದ್ರಿ!" ಹತ್ತು ಮಂದಿ ಕೂಡಿದ್ರು. ಒಬ್ರೂ ನೋಡಿರಲಿಲ್ಲ, ಆದ್ರ ಎಲ್ಲಾರಿಗೂ ಗೊತ್ತಿತ್ತು. ಹೆಣ್ಮಗಳು ಗಾಡಿ ಹೊಡ್ಯಾಕತ್ತಿದ್ಲು, ಅಂದಮ್ಯಾಲ ತಪ್ಪು ಅಕಿದ. ನಾನು ಸುಮ್ಮನ ಗಾಡಿ ಹತ್ತಿ ಮನಿಗೆ ಬಂದೆ. ರಿಪೇರಿ ರೊಕ್ಕ ನಾವ ಕಟ್ಟಿದ್ವಿ. ಅದು ಹೋಗ್ಲಿ ಬಿಡ್ರಿ. ರಾತ್ರಿ ಊಟಕ್ಕ ಕುಂತಾಗ ನಮ್ಮ ಮನಿಯವ್ರು ಭಾಳ ಮೆತ್ತಗ ಕೇಳಿದ್ರು: "ಖರೇನ ರಿವರ್ಸ್ ಬಿದ್ದಿರಲಿಲ್ಲ, ಹೌದಲ್ಲೋ?" ಇಪ್ಪತ್ತು ವರ್ಷದ ಸಂಸಾರದಾಗ ಅಷ್ಟು ಮನಸ್ಸಿಗೆ ಹತ್ತಿದ ಮಾತು ಇನ್ನೊಂದಿಲ್ಲ. ಅದ ವಾರ ಕ್ಯಾಮೆರಾ ತಂದ್ವಿ.

ಹಂಗಾಗಿ ಹಿಂದಿನ ಕ್ಯಾಮೆರಾ ಬಿಡಬ್ಯಾಡ್ರಿ ಅಂತೇನಿ. ಒಂದ ಸಾಕು, ಮುಂದಿಂದು ಸಾಕು ಅನ್ನಾವ್ರು ಭಾಳ ಮಂದಿ ಅದಾರ. ಅವತ್ತು ಬರೇ ಮುಂದಿನದೊಂದ ಇದ್ದಿದ್ರ, ನಾ ನಿಂತಿದ್ದೆ ಅನ್ನೂದು ಗೊತ್ತಾಗತಿತ್ತು ಖರೆ. ಆದ್ರ ಬಂದು ಬಡದ ಗಾಡಿ ನಂಬರು, ಅಂವ ಬಂದ ಜೋರು, ಕೈಯಾಗ ಫೋನ್ ಹಿಡದಿದ್ನೋ ಏನೋ, ಅದ್ಯಾವುದೂ ಸಿಗತಿರಲಿಲ್ಲ.

ಖರೀದಿ ಮಾಡುವಾಗ ಅಂಗಡ್ಯಾಗ 4ಕೆ, 4ಕೆ ಅಂತ ಬಾಯಿ ಮಾಡತಾರ. ಮುಂದಿಂದು 2ಕೆ ಇದ್ರೂ ನಡೀತೈತಿ, ಹಿಂದಿಂದು 1080ಪಿ ಸಾಕು. ಮೂರು ಕ್ಯಾಮೆರಾದ್ದರ ಡಬ್ಬಿ ಮ್ಯಾಲ ಬರದ ದೊಡ್ಡ ಅಂಕಿ ನೋಡಿ ಮರುಳಾಗಬ್ಯಾಡ್ರಿ. ಭಾಳಷ್ಟು ಮಾಡೆಲ್ಲಿನ್ಯಾಗ ಅದು ಮುಂದಿನದೊಂದ ನಡಿಯುವಾಗಿನ ಲೆಕ್ಕ. ಮೂರೂ ಕೂಡಿ ನಡದ್ರ ಅಂಕಿ ಕೆಳಗ ಇಳೀತೈತಿ. ಇನ್ನ ರಾತ್ರಿ ಹೊತ್ತು ಎದುರು ಬರೂ ಗಾಡಿ ಲೈಟಿನ್ಯಾಗ ನಂಬರ್ ಪ್ಲೇಟ್ ಸ್ವಚ್ಛ ಓದೂದು ಎಷ್ಟ ದುಬಾರಿ ಕ್ಯಾಮೆರಾಕ್ಕೂ ಕಷ್ಟ. ಅದಕ್ಕೊಂದು ಸಾದಾ ಉಪಾಯ ಐತಿ, ಮುಂದ ಹೇಳತೇನಿ.

ಅಂಗಡ್ಯಾಗ ಕೇಳಬೇಕಾದ ಖರೇ ಪ್ರಶ್ನೆ ಬ್ಯಾರೆ. ಒಳಗ ಲಿಥಿಯಂ ಬ್ಯಾಟರಿ ಐತೋ, ಸೂಪರ್ ಕೆಪ್ಯಾಸಿಟರ್ ಐತೋ ಕೇಳ್ರಿ. ಗಾಡಿ ಬಂದ್ ಆದಾಗ ಕಡೀ ವಿಡಿಯೋ ಉಳಿಸಾಕ ಕ್ಯಾಮೆರಾದ ಹೊಟ್ಟ್ಯಾಗ ಜರಾ ಕರೆಂಟ್ ಇರಬೇಕಾಗತೈತಿ. ಬ್ಯಾಟರಿ ಇದ್ರ ನಮ್ಮ ಕಡೆ ಬ್ಯಾಸಿಗ್ಯಾಗ ಬಿಸಲಿಗೆ ನಿಂತ ಗಾಡಿ ಗ್ಲಾಸಿಗೆ ಅಂಟಿಕೊಂಡು ಕುಂತು ಉಬ್ಬತೈತಿ. ಕೆಪ್ಯಾಸಿಟರ್ ಆ ಕಾವು ತಡಕೋತೈತಿ. ಕಲಬುರ್ಗಿ ಚಿಗವ್ವಾ, ನಿಮ್ಮೂರ ಬಿಸಲಿಗೆ ಅದಿಲ್ಲದ್ದು ತಗೊಳ್ಳಾಕ ಹೋಗಬ್ಯಾಡ.

ಮೆಮರಿ ಕಾರ್ಡ್ ಹೈ ಎಂಡ್ಯೂರನ್ಸ್ ಅಂತ ಬರದದ್ದ ಬೇಕು. ಮೊಬೈಲಿನ ಹಳೇ ಕಾರ್ಡ್ ಹಾಕಿದ್ರ ಕೆಲವು ತಿಂಗಳಿಗೆ ಕೆಡತೈತಿ. ಯಾಕಂದ್ರ ತುಂಬಿದ ಮ್ಯಾಲ ಹಳೇದರ ಮ್ಯಾಲ ಹೊಸಾದು ಬರೀತನ ಇರ್ತೈತಿ, ದಿನಾ ಉಟ್ಟು ದಿನಾ ಒಗದ ಸೀರಿ ಹಂಗ ಸವೀತೈತಿ. ಎರಡು ಕ್ಯಾಮೆರಾ ತಾಸಿಗೆ ಸುಮಾರು 15ರಿಂದ 20 ಜಿಬಿ ತಿಂತಾವು, ಹಂಗಾಗಿ 128 ಜಿಬಿಕಿಂತ ಸಣ್ಣದು ಬ್ಯಾಡ. ತಿಂಗಳಿಗೊಮ್ಮೆ ಕ್ಯಾಮೆರಾದಾಗ ಫಾರ್ಮ್ಯಾಟ್ ಮಾಡ್ರಿ. ನಾ ಅಮಾಸಿ ದಿನ ಮಾಡತೇನಿ. ಗಾಡಿಗೆ ನಿಂಬಿಹಣ್ಣು ಕಟ್ಟೂ ದಿನ, ಮರಿಯಂಗಿಲ್ಲ.

ಈಗ ಕೂಡಿಸೂ ಮಾತು. ಇದರಾಗ ದಯಮಾಡಿ ಅವಸರ ಮಾಡಬ್ಯಾಡ್ರಿ, ಬಾಜೂಕ ನಿಂತು ನೋಡ್ರಿ. ಮುಂದಿನ ಕ್ಯಾಮೆರಾ ನಡುವಿನ ಕನ್ನಡಿ ಹಿಂದ, ಬಾಜೂ ಸೀಟಿನ ಕಡೆ ಬರಬೇಕು. ಹೊಡ್ಯಾವ್ರ ಕಣ್ಣಿಗೆ ಅಡ್ಡ ಬರಬಾರದು. ವೈಪರ್ ಒರಸೂ ಜಾಗಾದಾಗ ಇರಬೇಕು, ಇಲ್ಲಂದ್ರ ಮಿರಗದ ಮಳ್ಯಾಗ ಬರೇ ಹನಿ ರೆಕಾರ್ಡ್ ಆಗತಾವು. ಹೊಸಾ ಗಾಡಿಗಳಿಗೆ ಕನ್ನಡಿ ಹಿಂದ ಕಂಪನಿಯವ್ರದ ಸೆನ್ಸರ್ ಇರ್ತಾವು, ಅವನ್ನ ಮುಚ್ಚಬ್ಯಾಡ್ರಿ. ಗ್ಲಾಸ್ ಸ್ಪಿರಿಟ್ ಹಚ್ಚಿ ಒರಸಿ, ಅಂಟಿಸಿ, ಗಟ್ಟಿ ಒತ್ತಿ, ಒಂದು ರಾತ್ರಿ ಬಿಡ್ರಿ. ಮತ್ತ ಒಂದು, ಡ್ಯಾಶ್‌ಬೋರ್ಡ್ ಮ್ಯಾಲ ಮಿಂಚೂದು ಏನೂ ಇಡಬ್ಯಾಡ್ರಿ. ನಮ್ಮ ಬೆಳ್ಳಿ ಬಣ್ಣದ ಗಣಪತಿ ನೆರಳು ಗ್ಲಾಸಿನ್ಯಾಗ ಬಿದ್ದು, ಎರಡು ತಿಂಗಳ ವಿಡಿಯೋದಾಗೆಲ್ಲಾ ಅಂವ ಆಕಾಶದಾಗ ಕುಂತಿದ್ದ! ಈಗ ಅವನ್ನ ಗಾಡ್ಯಾಗಿನ ಸಣ್ಣ ಕಪಾಟಿನ್ಯಾಗ ಕುಂದ್ರಿಸೇನಿ.

ವಾಯರ್ ವಿಷಯ ಇನ್ನೂ ಮುಖ್ಯ. ಮುಂದಿನ ಗ್ಲಾಸಿನ ಎರಡೂ ಬಾಜೂ ಕಂಬ ಇರ್ತಾವಲ್ಲ, ಅವುಗಳ ಮ್ಯಾಲ ಏರ್‌ಬ್ಯಾಗ್ ಅಂತ ಸಣ್ಣಗ ಬರದಿದ್ರ, ಒಳಗ ಚೀಲ ಮಡಚಿ ಇಟ್ಟಾರ ಅಂತ ಅರ್ಥ. ಅದು ಬಾಜೂದಿಂದ ಢಿಕ್ಕಿ ಆದಾಗ ತಲಿ ಉಳಿಸೂ ಚೀಲ. ಕ್ಯಾಮೆರಾ ವಾಯರ್ ಆ ಚೀಲದ ಮುಂದ ಹಾದು ಬಂದ್ರ, ಚೀಲ ಬಿಚ್ಚುವಾಗ ಅಡ್ಡ ಆಗಬಹುದು, ವಾಯರ್ ನಮ್ಮ ಮಾರಿ ಕಡೆನ ಹಾರಬಹುದು. ಚೀಲದ ಹಿಂದಿನಿಂದ ಒಯ್ದು, ಮೊದಲ ಇದ್ದ ವಾಯರ್ ಕಟ್ಟಿಗೆ ಸೇರಿಸಿ ಬಿಗೀಬೇಕು. ಫಿಟ್ಟಿಂಗ್ ಹುಡುಗನಿಗೆ "ಏರ್‌ಬ್ಯಾಗ್ ಎಲ್ಲೈತಪಾ, ವಾಯರ್ ಅದರ ಯಾವ ಕಡೆ ಹೋಗತೈತಿ?" ಅಂತ ಕೇಳ್ರಿ. ಮಾರಿ ಮಾರಿ ನೋಡಿದ್ರ ಅಲ್ಲಿಂದ ಗಾಡಿ ತಗೊಂಡು ಬರ್ರಿ. ನಮ್ಮ ಗಾಡಿಗೆ ಪೈಲಾ ಒಬ್ಬಾಂವ ಮುಂದಿನಿಂದ ಎಳದಿದ್ದ, ಇನ್ನೊಬ್ಬಾಂವನ ಕಡೆ ಬಿಚ್ಚಿಸಿ ಹಾಕ್ಸೂದಾತು.

ಹಿಂದಿನ ಕ್ಯಾಮೆರಾದ ವಾಯರ್ ಮ್ಯಾಲಿನ ಬಟ್ಟಿ ಅಂಚಿನ್ಯಾಗ ಹಿಂದಕ್ಕ ಹೋಗತೈತಿ. ಡಿಕ್ಕಿ ಬಾಗಿಲಾ ಗ್ಲಾಸ್ ಸಮೇತ ಮ್ಯಾಲೇಳೂ ಗಾಡಿ ಇದ್ರ, ಬಾಗಿಲಾ ಕೂಡೂ ಜಾಗಾದಾಗಿನ ರಬ್ಬರ್ ಕೊಳವಿ ಒಳಗಿಂದನ ವಾಯರ್ ಒಯ್ಯಬೇಕು. ಹೊರಗ ಜೋತು ಬಿಟ್ರ ದಿನಾ ಬಾಗಿಲಾ ಹಾಕಿ ತಗದು ಕತ್ತರಿಸಿ ಹೋಗತೈತಿ. ಹಿಂದಿನ ಗ್ಲಾಸಿನ ಮ್ಯಾಲ ಕೆಂಪನ್ನ ಸಣ್ಣ ಗೆರಿ ಇರ್ತಾವಲ್ಲ, ಮಂಜು ಕರಗಿಸೂವು, ಅವುಗಳ ಮ್ಯಾಲ ಅಂಟಿಸಬ್ಯಾಡ್ರಿ. ಕೀಳುವಾಗ ಗೆರಿನೂ ಕಿತ್ತು ಬರ್ತಾವು.

ಕರೆಂಟ್ ಎಲ್ಲಿಂದ? ಸಿಗರೇಟ್ ಹಚ್ಚೂ ಸಾಕೆಟ್ಟಿನಿಂದ ತಗೊಂಡ್ರ ಸುಲಭ, ಆದ್ರ ಗಾಡಿ ಬಂದ್ ಮಾಡಿದಾಗ ಹೆಚ್ಚಿನ ಗಾಡ್ಯಾಗ ಅದೂ ಬಂದ್. ನಿಂತ ಗಾಡಿಗೆ ಯಾರರೆ ತಿಕ್ಕಿ ಹೋದ್ರ ಗೊತ್ತಾಗಬೇಕಂದ್ರ ಫ್ಯೂಸ್ ಡಬ್ಬಿಯಿಂದ ಬ್ಯಾರೆ ಲೈನ್ ತಗೀಬೇಕು. ಗಾಡಿ ವಾಯರ್ ಕತ್ತರಿಸಾಕ ಬಿಡಬ್ಯಾಡ್ರಿ, ಗ್ಯಾರಂಟಿಗೆ ತೊಡಕಾಗತೈತಿ. ಫ್ಯೂಸ್ ಟ್ಯಾಪ್ ಅಂತ ಸಿಗತೈತಿ, ಅದರಿಂದ ಆಗತೈತಿ. ಬ್ಯಾಟರಿ ಇಳದ್ರ ತಾನ ಬಂದಾಗೂ ಕಟ್-ಆಫ್ ಇರ್ತೈತಿ, ಅದನ್ನ 12.2ರಿಂದ 12.4 ವೋಲ್ಟಿನೊಳಗ ಇಡಸ್ರಿ. ಇಲ್ಲಂದ್ರ ಎಂಟು ದಿನ ಊರಿಗೆ ಹೋಗಿ ಬಂದು ಕೀಲಿ ತಿರುವಿದ್ರ ಗಾಡಿ ಮಾತಾಡಂಗಿಲ್ಲ.

ಇಷ್ಟು ಎಲ್ಲಾರೂ ಹೇಳತಾರ. ಯಾರೂ ಹೇಳದ್ದು ಆ ಮೂರನೇ ಕ್ಯಾಮೆರಾದ ಸುದ್ದಿ.

ಅದು ಒಳಗ ನೋಡತೈತಿ. ಕತ್ತಲ್ಯಾಗೂ ಕಾಣಿಸೂ ಲೈಟ್ ಇರ್ತೈತಿ, ಮೈಕ್ ಇರ್ತೈತಿ. ಸಿಮ್ ಹಾಕೂ ನಮೂನಿ ಇದ್ರ ಮನ್ಯಾಗ ಕುಂತಾವ್ರು ಫೋನಿನ್ಯಾಗ ನಿಂದ್ರದ ನೋಡಬಹುದು, ಗಾಡಿ ಎಲ್ಲೈತಿ ಅನ್ನೂದೂ ತಿಳೀತೈತಿ. ಹೌದು, ಸುರಕ್ಷಾ ಅಂತಾರ. ಕಾಳಜಿ ಅಂತಾರ. ಆದ್ರ ಖರೇ ಹೇಳ್ರಿ, ನಮಗ ಬಾಗಿಲಾ ಹಾಕ್ಕೊಂಡು ಕುಂದ್ರೂ ಜಾಗಾ ಎಲ್ಲೈತಿ? ಅಡಗಿ ಮನಿಗೂ ಕಿವಿ ಇರ್ತಾವು. ಗ್ಲಾಸ್ ಏರಿಸಿದ ಗಾಡ್ಯಾಗ ನಾನು ನಮ್ಮ ಅವ್ವನ ಕೂಡ ಬಾಯಿ ತುಂಬ ಮಾತಾಡೇನಿ. ದವಾಖಾನಿಯಿಂದ ಬರುವಾಗ ಬಾಜೂಕ ನಿಂದ್ರಿಸಿ ಅತ್ತೇನಿ. ಅಕ್ಕ ತಂಗೇರು ಕೂಡಿದ್ರ ನಾದಿನಿ ಸುದ್ದಿನೂ ಬರ್ತೈತಿ, ಅದೇನು ಮುಚ್ಚಿಡೂದು! ಬಾಣಂತಿ ಕೂಸಿಗೆ ಹಾಲು ಕುಡಿಸ್ತಾಳ. ಇದೆಲ್ಲಾ ಒಂದು ಕಾರ್ಡಿನ್ಯಾಗ ಕುಂದ್ರತೈತಿ. ಆ ಕಾರ್ಡ್ ಯಾರ ಕೈಯಾಗ ಇರ್ತೈತಿ?

ಬಡದಾವ್ರು ಹೊರಗ ಇರ್ತಾರ. ಹೊರಗ ನೋಡೂ ಕ್ಯಾಮೆರಾ ನಮ್ಮ ಪರ ಮಾತಾಡತೈತಿ. ಒಳಗ ನೋಡೂದು ನಮ್ಮನ್ನ ಕಾಯತೈತಿ. ನಮ್ಮ ಹುಡುಗಿಗೆ ಹೇಳಿದೆ: "ನಿನ್ನ ಗಂಡನ ಗಾಡಿಗೂ ಒಳಗಿಂದು ಹಾಕಸ್ತಾರೇನು, ಪಾಸ್‌ವರ್ಡ್ ನಿನಗ ಕೊಡತಾರೇನು ಕೇಳು. ಕೊಟ್ರ ಇಬ್ರೂ ಹಾಕಸ್ರಿ." ಆ ಕಡೆಯಿಂದ ಬರೇ ನಗು ಕೇಳ್ತು.

ಇದಕ್ಕ ನಮ್ಮ ವೈನಿ ಒಪ್ಪಂಗಿಲ್ಲ. ಅವ್ರ ಮಕ್ಕಳು ಪಗಾರದ ಡ್ರೈವರ್ ಕೂಡ ಸಾಲಿಗೆ ಹೋಗತಾರ, ಅವ್ರ ಗಾಡ್ಯಾಗ ಮೂರೂ ಅದಾವು. ಅವ್ರು ಮಾಡಿದ್ದು ಬರೋಬ್ಬರಿ ಐತಿ. ಮಕ್ಕಳು ತಮ್ಮ ಸಲುವಾಗಿ ತಾವು ಹೇಳಾಕ ಬರದಾವು. ಆದ್ರ ಡ್ರೈವರ್‌ಗೆ ಹೇಳದನ ಹಾಕಿಸಿದ್ರು, ಅದು ನನಗ ಸೇರಲಿಲ್ಲ. ಅಂವನೂ ದಿನಕ್ಕ ಹತ್ತು ತಾಸು ಅಲ್ಲೆ ಕುಂದ್ರಾಂವ, ಹೆಂಡತಿ ಕೂಡ ಫೋನಿನ್ಯಾಗ ಮಾತಾಡಾಂವ. ಈಗ ಅಂವಗ ಹೇಳ್ಯಾರ, ಮೈಕ್ ಬಂದ್ ಇಟ್ಟಾರ. ವೈನಿ ಇನ್ನೊಂದು ಮಾತು ಅಂದ್ರು, "ರಾತ್ರಿ ಒಬ್ಬಾಕೀನ ಬರುವಾಗ ಯಾರರೆ ಬಾಗಿಲಾ ತಗದು ಒಳಗ ನುಗ್ಗಿದ್ರ?" ಅದಕ್ಕ ನನ್ನ ಹತ್ರ ಪೂರಾ ಉತ್ತರ ಇಲ್ಲ. ಇಷ್ಟು ಹೇಳಬಲ್ಲೆ: ಹಾಕಸೂದ ಆದ್ರ ಸಿಮ್ ಇಲ್ಲದ್ದು, ಒಳಗಿಂದಷ್ಟ ಬಂದ್ ಮಾಡಾಕ ಬರೂವಂಥದ್ದು ನೋಡಿ ತಗೋರಿ. ಹಚ್ಚೂದು ಆರಿಸೂದು ಗಾಡಿ ಹೊಡ್ಯಾಕಿ ಕೈಯಾಗ ಇರಲಿ.

ಮೈಕ್ ಎರಡು ಕ್ಯಾಮೆರಾದ್ದರಾಗೂ ಇರ್ತೈತಿ, ಮರೀಬ್ಯಾಡ್ರಿ. ನಾ ಯಾವಾಗಲೂ ಬಂದ್ ಇಟ್ಟಿರತೇನಿ. ಮೈಕಿಗೆ ಬ್ಯಾರೆ ಗುಂಡಿ ಇದ್ದದ್ದು ತಗೋರಿ. ಏನರೆ ಆದ ಕೂಡ್ಲೆ ಅದನ್ನ ಒತ್ತಿ ಎದುರಿನ ಗಾಡಿ ನಂಬರು ಗಟ್ಟಿಯಾಗಿ ಓದಿಬಿಡ್ರಿ. ರಾತ್ರಿ ಕ್ಯಾಮೆರಾಕ್ಕ ಕಾಣದ ನಂಬರು ನಿಮ್ಮ ದನ್ಯಾಗ ಉಳೀತೈತಿ. ಆಗಲೇ ಹೇಳಿದ ಉಪಾಯ ಇದ. ಆಮ್ಯಾಲ ಲಾಕ್ ಗುಂಡಿ ಒತ್ತಿ, ಮನಿಗೆ ಬಂದ ಮ್ಯಾಲ ಕಾರ್ಡ್ ಹೊರಗ ತಗದು ಇಡ್ರಿ, ಇಲ್ಲಂದ್ರ ಅದರ ಮ್ಯಾಲ ಹೊಸಾದು ಬರೀತೈತಿ.

ವಿಡಿಯೋ ಗ್ರೂಪಿಗೆ ಹಾಕಬ್ಯಾಡ್ರಿ. ವಾಟ್ಸಾಪ್ ಅದನ್ನ ಹಿಂಡಿ ಸಣ್ಣದು ಮಾಡತೈತಿ, ನಂಬರು ಮಸುಕಾಗತಾವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥಾ ವಿಡಿಯೋ ಕೋರ್ಟಿಗೆ ಕೊಡಬೇಕಂದ್ರ ಅದರ ಕೂಡ ಪ್ರಮಾಣಪತ್ರ ಬೇಕು. ಹಂಗಾಗಿ ಮೂಲ ಕಾರ್ಡ್ ಮುಟ್ಟದ ಇಡೂದ ಛಲೋ, ಕತ್ತರಿಸಿ ಅಂಟಿಸಿದ್ದು ನಡಿಯಂಗಿಲ್ಲ. ಮತ್ತ 2023ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಐತಿ, ಆದ್ರ ಮನಿಯ ಸ್ವಂತ ಉಪಯೋಗಕ್ಕ ಮಾಡಿಕೊಂಡದ್ದಕ್ಕ ಅದು ಹತ್ತಂಗಿಲ್ಲ. ಅಂದ್ರ ಗಂಡ, ಮೈದುನ, ಅತ್ತಿ ಮನಿಯಾವ್ರು ನಿಮ್ಮ ಗಾಡಿ ವಿಡಿಯೋ ಕುಂತು ನೋಡಿದ್ರ ಆ ಕಾಯ್ದೆ ಬಂದು ಕೇಳಂಗಿಲ್ಲ. ಮನ್ಯಾಗ ಮೊದಲ ಮಾತಾಡ್ಕೊಂಡಿರಬೇಕು. ನಮ್ಮನ್ಯಾಗ ಹಿಂಗ ಐತಿ: ಆ ಗಾಡಿ ಯಾರು ಹೊಡೀತಾರೋ ಕಾರ್ಡ್ ಅವ್ರದ, ಆ್ಯಪ್ ಅವ್ರ ಫೋನಿನ್ಯಾಗ. ಏನರೆ ಆದಾಗ ಇಬ್ರೂ ಕೂಡಿ ನೋಡೂದು, ಏನೂ ಆಗದಿದ್ರ ಯಾರೂ ನೋಡಂಗಿಲ್ಲ.

ನಮ್ಮ ಮನಿಯವ್ರು ಇದಕ್ಕ ಸಿಟ್ಟಾಗ್ಲಿಲ್ಲ. ಅವ್ರಿಗೂ ಅವತ್ತಿನ ತಮ್ಮ ಪ್ರಶ್ನೆ ನೆನಪೈತಿ ಅನಸ್ತೈತಿ. ಹೋದ ಶ್ರಾವಣದಾಗ ಕೇಶ್ವಾಪುರದಾಗ ಮತ್ತೊಬ್ಬಾಂವ ಹಿಂದಿನಿಂದ ತಿಕ್ಕಿದಾಗ ನಾ ಫೋನ್ ಹಚ್ಚಿದೆ. "ವಿಡಿಯೋ ಉಳಿಸಿಟ್ಟಿ?" ಅಂದ್ರು, ಅಷ್ಟ.

ಹುಡುಗಿ ಐತ್ವಾರ ಅಂಗಡಿಗೆ ಹೋಗಾಕತ್ತಾಳ. ನಾನೂ ಹೊಂಟೇನಿ, ಕಂಬದಾಗಿನ ವಾಯರ್ ಯಾವ ಕಡೆ ಹೋಗತೈತಿ ನೋಡಾಕ.