ತಟ್ಟೆಯ ಕೋಶ, ಬಸಿರಿನ ಮಗು

‘ಸ್ಕ್ಯಾನ್ ಮಾಡಿಸಬೇಡಿ, ಅಲ್ಟ್ರಾಸೌಂಡ್ ತಾಗಿದರೆ ಜೀವಕೋಶಗಳು ಸಾಯುತ್ತವೆಂದು ಲ್ಯಾಬಿನಲ್ಲೇ ಸಾಬೀತಾಗಿದೆ’ ಎಂಬ ಮಾತು ಬಸುರಿಯರ ಕಿವಿಗೆ ಆಗಾಗ ಬೀಳುತ್ತದೆ. ಕೋಶಗಳು ಸತ್ತದ್ದು ನಿಜ. ಆದರೆ ಅವು ಸತ್ತದ್ದು ತಟ್ಟೆಯಲ್ಲಿ. ತಟ್ಟೆ ಎಂದರೆ ಪುಟ್ಟ ದೇಹವಲ್ಲ.

ಅಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಪ್ಲಾಸ್ಟಿಕ್ ತಳಕ್ಕೆ ಅಂಟಿಕೊಂಡ ಕೋಶಗಳು, ಮೇಲೆ ಕೆಲವೇ ಮಿಲಿಮೀಟರ್ ಪೋಷಕ ದ್ರವ. ಕೆಳಗಿನಿಂದ ಬಂದ ಧ್ವನಿ ದ್ರವದ ಮೇಲ್ಮೈಯಲ್ಲಿ ಗಾಳಿಗೆ ತಾಗಿ ಹೆಚ್ಚುಕಡಿಮೆ ಪೂರ್ತಿ ಹಿಂದಿರುಗುತ್ತದೆ. ಹೋಗುವ ಅಲೆ, ಬರುವ ಅಲೆ ಕೂಡಿದಲ್ಲಿ ಒತ್ತಡ ಇಮ್ಮಡಿ. ಒಂದನ್ನೊಂದು ಅಳಿಸಿದಲ್ಲಿ ಏನೂ ಇಲ್ಲ. 1.5 ಮೆಗಾಹರ್ಟ್ಸ್‌ನಲ್ಲಿ ಈ ಎರಡರ ನಡುವಿನ ಅಂತರ ಕಾಲು ಮಿಲಿಮೀಟರ್. ದ್ರವ ಅಷ್ಟು ಆರಿದರೂ ಕೋಶಕ್ಕೆ ಬೀಳುವ ಪೆಟ್ಟು ಬದಲಾಗುತ್ತದೆ, ಯಂತ್ರದ ಅಂಕಿ ಮಾತ್ರ ಇದ್ದಲ್ಲೇ ಇರುತ್ತದೆ. ಕರಗಿದ ಗಾಳಿ ಗುಳ್ಳೆಯಾಗಿ ಹಿಗ್ಗಿ ಒಡೆದರೆ ಪಕ್ಕದ ಕೋಶದ ಪೊರೆ ಹರಿಯುತ್ತದೆ. ತಳ ಬಿಸಿಯಾದರೆ ಆ ಬಿಸಿ ಹೊತ್ತೊಯ್ಯಲು ರಕ್ತವಿಲ್ಲ. ಹುಟ್ಟದ ಮಗುವಿನ ಶ್ವಾಸಕೋಶದಲ್ಲಾದರೋ ಹಾಗೆ ಗುಳ್ಳೆಯಾಗಲು ಗಾಳಿಯೇ ಇರುವುದಿಲ್ಲ.

ತಟ್ಟೆಯಿಂದ ಹುಟ್ಟಿದ ಈ ಭಯ ಹೊಸದಲ್ಲ. 1970ರಲ್ಲಿ ಮ್ಯಾಕಿಂತಾಷ್ ಮತ್ತು ಡೇವಿ ಎಂಬ ಸಂಶೋಧಕರು, ಭ್ರೂಣದ ಎದೆಬಡಿತ ಕೇಳಿಸುವ ಉಪಕರಣದಿಂದ ರಕ್ತಕೋಶಗಳ ವರ್ಣತಂತುಗಳು ತುಂಡಾದವೆಂದು ಬರೆದರು. ಬೇರೆಯವರಿಗೆ ಅದು ಕಾಣಲಿಲ್ಲ. 1975ರಲ್ಲಿ ಮ್ಯಾಕಿಂತಾಷ್ ಅವರೇ ಜೊತೆಗಾರರೊಂದಿಗೆ ಮತ್ತೆ ಪರೀಕ್ಷಿಸಿದಾಗಲೂ ಕಾಣಲಿಲ್ಲ.

ತಟ್ಟೆಯನ್ನು ನಂಬಿ ಲಾಭದ ಆಸೆ ಹುಟ್ಟಿಸಿದವರೂ ಇದ್ದಾರೆ. ಮೆಲುವಾದ ಅಲ್ಟ್ರಾಸೌಂಡಿಗೆ ತಟ್ಟೆಯ ಮೂಳೆಕೋಶಗಳು ಚುರುಕಾದವು. ಮುರಿದ ಮೂಳೆ ಬೇಗ ಕೂಡಿಸುವ ಉಪಕರಣಕ್ಕೆ 1994ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಮೊಣಕಾಲ ಕೆಳಗಿನ ಮೂಳೆ ಮುರಿದಿದ್ದ 501 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನಿಜವಾದ ಉಪಕರಣ ಹುಸಿ ಉಪಕರಣಕ್ಕಿಂತ ಮೇಲೆನಿಸಲಿಲ್ಲ.

ಹಾಗಾದರೆ ತಟ್ಟೆ ಬೇಡವೇ? ಅಪಾಯದ ಮೊದಲ ಸುಳಿವು ಅಲ್ಲೇ ಸಿಗಬೇಕು ಎನ್ನುವವರ ವಾದಕ್ಕೆ ತೂಕವಿದೆ. 1990ರ ದಶಕದಲ್ಲಿ ಅಮೆರಿಕ ಭ್ರೂಣದ ಸ್ಕ್ಯಾನಿನ ತೀವ್ರತೆಯ ಮಿತಿಯನ್ನು ಚದರ ಸೆಂಟಿಮೀಟರಿಗೆ 94ರಿಂದ 720 ಮಿಲಿವ್ಯಾಟ್‌ಗೆ ಏರಿಸಿತು. ನಮಗೆ ಧೈರ್ಯ ಕೊಡುವ ಅಧ್ಯಯನಗಳಲ್ಲಿ ಬಹುಪಾಲು ಅದಕ್ಕೂ ಹಿಂದಿನ ಯಂತ್ರಗಳವು. 2006ರಲ್ಲಿ ನರವಿಜ್ಞಾನಿ ಪಾಸ್ಕೊ ರಾಕಿಚ್ ಅವರ ತಂಡ, ಬಸುರಿ ಇಲಿಗಳಿಗೆ ಒಟ್ಟು ಅರ್ಧ ಗಂಟೆ ಅಥವಾ ಹೆಚ್ಚು ಧ್ವನಿ ತಾಗಿದಾಗ ಮರಿಗಳ ಮಿದುಳಿನ ಕೆಲವು ನರಕೋಶಗಳು ತಮ್ಮ ಜಾಗ ಸೇರದಿರುವುದನ್ನು ಕಂಡಿತು. ಬರೀ ನೆನಪಿಗೆಂದು ಮಗುವಿನ ವಿಡಿಯೊ ತೆಗೆಸುವುದು ಬೇಡ ಎನ್ನಲು ಇಷ್ಟು ಸಾಕು.

ಆದ್ದರಿಂದ ಕೋಶ ಇದ್ದ ಜಾಗದಲ್ಲೇ ಅಳೆದ ಒತ್ತಡ, ಉಷ್ಣತೆ, ದ್ರವದ ಆಳ ತಿಳಿಸದ ಪ್ರಯೋಗವನ್ನು ಯಾವ ವಿಜ್ಞಾನ ಪತ್ರಿಕೆಯೂ ಅಚ್ಚು ಹಾಕಬಾರದು. ಅಂಥದ್ದನ್ನು ಹಿಡಿದುಕೊಂಡು, ಗರ್ಭ ಅಂಡನಾಳದಲ್ಲಿ ಕೂತಿದೆಯೇ, ಮಾಸು ಅಡ್ಡವಾಗಿದೆಯೇ ಎಂದು ನೋಡಲು ವೈದ್ಯರು ಬರೆದುಕೊಟ್ಟ ಸ್ಕ್ಯಾನನ್ನು ತಪ್ಪಿಸುವವರು ತಾಯಿಯ ಜೀವದ ಜೊತೆ ಆಡುತ್ತಿದ್ದಾರೆ.